ಹಡಗಿನ ಹೊತ್ತಿಗೆ ಕಟ್ಟಿದ ದಾರಿ

ಹ್ಯಾಂಬರ್ಗ್
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಭಾವ ಕಳಿಸಿದ ಮ್ಯಾಪು ನೋಡಿದೆ. ಹ್ಯಾಂಬರ್ಗಿನಿಂದ ಓಸ್ಲೋವರೆಗೆ ಒಂದೇ ನೀಲಿ ಗೆರೆ, ಸೇತುವೆ ಬಿಟ್ಟರೆ ಸೇತುವೆ. "ಹಡಗು ಯಾಕೆ? ಕಾಯುವುದು, ಹತ್ತಿಸುವುದು, ಇಳಿಸುವುದು, ಎಲ್ಲ ದಂಡ" ಅಂತ ಕೆಳಗೆ ಬರೆದಿದ್ದಾರೆ. ಫೋನಿನಲ್ಲಿ ಉತ್ತರ ಕೊಡಲು ಹೋದರೆ ನಡುವೆ ನೀನು ಉಪ್ಪಿನಕಾಯಿ ವಿಷಯ ತೆಗೆಯುತ್ತೀಯ, ಅವರು ಪೆಟ್ರೋಲ್ ರೇಟು ಕೇಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಓದಿ ಅವರಿಗೂ ಕೊಡು.

ಭಾವನ ಲೆಕ್ಕದಲ್ಲಿ ತಪ್ಪೇನಿಲ್ಲ. ಡೆನ್ಮಾರ್ಕಿನ ಎರಡು ದೊಡ್ಡ ದ್ವೀಪಗಳನ್ನು ಕೂಡಿಸುವ ಸ್ಟೋರೆಬೆಲ್ಟ್ ಸೇತುವೆ 1998ರಲ್ಲಿ, ಕೋಪನ್‌ಹೇಗನ್ನಿನಿಂದ ಸ್ವೀಡನ್ನಿಗೆ ದಾಟಿಸುವ ಓರೆಸುಂಡ್ ಸೇತುವೆ 2000ದಲ್ಲಿ ಬಂದವು. ಅಂದಿನಿಂದ ಹಡಗಿನ ಹಂಗಿಲ್ಲದೆ ಓಸ್ಲೋ ಸೇರಬಹುದು. ಆದರೆ ಅದು ಸುತ್ತುಬಳಸಿನ ದಾರಿ. ಕೋಪನ್‌ಹೇಗನ್ನಿಗೇ ನೂರು ಕಿ.ಮೀ.ಗೂ ಹೆಚ್ಚು ಜಾಸ್ತಿ ಓಡಿಸಬೇಕು. ಓಡಿಸುವವನು ನಾನೊಬ್ಬನೇ. ಇವಳಿಗೆ ಹೆದ್ದಾರಿ ಅಂದರೆ ಆಗದು. ಭಾವ ನಮ್ಮ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬಂದರೂ ನನ್ನ ಕಾರಿನ ವಿಮೆಯಲ್ಲಿ ಅವರ ಹೆಸರು ಸೇರಿಸಬೇಕು, ಅದಕ್ಕೆ ಬೇರೆ ದುಡ್ಡು. ಅಲ್ಲದೆ ಇಲ್ಲಿ ಎಲ್ಲ ಬಲಗಡೆ. ಸ್ವೀಡನ್ನಿನವರೂ ಮೊದಲು ನಮ್ಮ ಹಾಗೆ ಎಡಕ್ಕೇ ಓಡಿಸುತ್ತಿದ್ದರು, 1967ರ ಸೆಪ್ಟೆಂಬರ್ 3ರಂದು ಇಡೀ ದೇಶವೇ ಒಂದು ಬೆಳಗ್ಗೆ ಬಲಕ್ಕೆ ಬಂತು. ಭಾವನಿಗೆ ಅಷ್ಟು ಬೇಗ ಒಗ್ಗುತ್ತದೆ ಅಂತ ನನಗೆ ಧೈರ್ಯವಿಲ್ಲ. ಇದನ್ನು ಮಾತ್ರ ನೀನು ಓದಿ ಹೇಳಬೇಡ.

ಹಾಗಾಗಿ ಹೋಗುವಾಗ ಎರಡು ಕಡೆ ಹಡಗು. ಇಲ್ಲಿಂದ ಲ್ಯೂಬೆಕ್ ದಾಟಿ ಫೆಮಾರ್ನ್ ದ್ವೀಪದ ತುದಿಗೆ, ಪುಟ್‌ಗಾರ್ಡನ್ ಎಂಬ ಬಂದರಿಗೆ, ನೂರೈವತ್ತು ಕಿ.ಮೀ. ಅಲ್ಲಿ ಕಾರು ಸಮೇತ ಹಡಗು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಡೆನ್ಮಾರ್ಕಿನ ರೋಡ್‌ಬಿ. ಅಷ್ಟು ಹೊತ್ತು ನನ್ನ ಕಾಲಿಗೆ ಬ್ರೇಕಿನ ಕೆಲಸವಿಲ್ಲ, ಪುಟ್ಟಿಗೆ ಓಡಾಡಲು ಜಾಗ, ನಿನಗೆ ಕಾಫಿ. ಕೋಪನ್‌ಹೇಗನ್ನಿನಲ್ಲಿ ಎರಡು ರಾತ್ರಿ ತಂಗಿ ಉತ್ತರಕ್ಕೆ ಹೆಲ್ಸಿಂಗೋರ್‌ಗೆ ಹೋದರೆ ಅಲ್ಲಿ ಸಮುದ್ರ ಬರೀ ನಾಲ್ಕು ಕಿ.ಮೀ. ಅಗಲ, ಸ್ವೀಡನ್ನಿಗೆ ಇಪ್ಪತ್ತು ನಿಮಿಷದ ದಾಟು. ಹಡಗು ಹತ್ತುವ ದಡದಲ್ಲಿರುವ ಕ್ರೋನ್‌ಬೋರ್ಗ್ ಕೋಟೆ ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಡೆಯುವ ಜಾಗ. ಭಾವ ಇಂಗ್ಲಿಷ್ ಮೇಷ್ಟ್ರಲ್ಲವೇ, ಸೇತುವೆ ಮೇಲೆ ಹೋದರೆ ಇದು ತಪ್ಪುತ್ತದೆ ಅಂತ ಹೇಳು, ತಣ್ಣಗಾಗುತ್ತಾರೆ. ಈ ಕಿರಿದಾದ ಬಾಯಿಯಲ್ಲಿ ಕೂತುಕೊಂಡೇ ಡೆನ್ಮಾರ್ಕಿನ ರಾಜರು 1429ರಿಂದ 1857ರವರೆಗೆ ಹಾದುಹೋಗುವ ಹಡಗುಗಳಿಂದ ಸುಂಕ ಕಿತ್ತರು. ಈಗ ಅದೇ ನೀರಿನಲ್ಲಿ ಬ್ಯಾಟರಿಯ ಹಡಗುಗಳು ಓಡುತ್ತವೆ. ದಡ ಮುಟ್ಟಿದ ಕೂಡಲೇ ಒಂದು ರೋಬೋಟ್ ತೋಳು ಬಂದು ಚಾರ್ಜಿಂಗ್ ತಂತಿ ಸಿಕ್ಕಿಸುತ್ತದೆ. ಪುಟ್ಟಿ ನೋಡಬೇಕೆಂದು ಕುಣಿಯುತ್ತಿರುವುದು ಕೋಟೆಯನ್ನಲ್ಲ, ಆ ತೋಳನ್ನು.

ನಮಗೆ ಲಾಂಚ್ ಹೊಸದೇ ಅಕ್ಕ? ಹೊಳೆಬಾಗಿಲಿನಲ್ಲಿ ಜೀಪು, ಬಸ್ಸು ಸಾಲುಗಟ್ಟಿ ನಿಂತು ಒಂದೊಂದಾಗಿ ಹತ್ತುವುದನ್ನು ನೋಡುತ್ತಲೇ ಬೆಳೆದವರು. ಲಿಂಗನಮಕ್ಕಿ ಹಿನ್ನೀರು ತುಂಬಿದಾಗಿನಿಂದ ಸಿಗಂದೂರಿಗೆ ಹೋಗುವವರಿಗೂ ತುಮರಿಯವರಿಗೂ ಲಾಂಚೇ ಗತಿ ಆಗಿತ್ತು. ನಮಗೆ ಅದು ಜಾತ್ರೆ, ತುಮರಿಯವರಿಗೆ ಶಿಕ್ಷೆ. ಕತ್ತಲಾದ ಮೇಲೆ ಯಾರಿಗಾದರೂ ಎದೆನೋವು ಬಂದರೆ ಸಾಗರದ ಆಸ್ಪತ್ರೆ ಆ ದಡದಲ್ಲೇ ಉಳಿಯಿತು ಅಂತ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾದಾಗ ನೀನು ಕಳಿಸಿದ ವೀಡಿಯೊ ಇನ್ನೂ ಇಟ್ಟುಕೊಂಡಿದ್ದೇನೆ. ಅಲ್ಲಿಯ ಜನಕ್ಕೆ ಸೇತುವೆ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ತಿರುಗಾಟಕ್ಕೆ ಹೊರಟವನ ಅಗತ್ಯ ಬೇರೆ, ಅಷ್ಟೇ.

ಇಲ್ಲಿಯೂ ಹಡಗಿನ ಕಾಲ ಮುಗಿಯುತ್ತಿದೆ. ಪುಟ್‌ಗಾರ್ಡನ್ನಿಗೂ ರೋಡ್‌ಬಿಗೂ ನಡುವೆ ಸಮುದ್ರದ ತಳದಲ್ಲಿ 18 ಕಿ.ಮೀ. ಸುರಂಗ ಹಾಕುತ್ತಿದ್ದಾರೆ. ಕೊರೆಯುವ ಸುರಂಗವಲ್ಲ ಇದು. ದಡದ ಕಾರ್ಖಾನೆಯಲ್ಲಿ ಒಂದೊಂದೂ 217 ಮೀಟರ್ ಉದ್ದದ, 73,000 ಟನ್ ತೂಕದ ಕಾಂಕ್ರೀಟ್ ತುಂಡುಗಳನ್ನು ಎರಕ ಹೊಯ್ದು, ತೇಲಿಸಿಕೊಂಡು ಹೋಗಿ, ತಳದಲ್ಲಿ ತೋಡಿಟ್ಟ ಕಾಲುವೆಯೊಳಗೆ ಮುಳುಗಿಸಿ ಜೋಡಿಸುತ್ತಾರೆ. ಮುಗಿದ ಮೇಲೆ ಕಾರಿಗೆ ಹತ್ತು ನಿಮಿಷ, ರೈಲಿಗೆ ಏಳು. ಅಂದ ಹಾಗೆ, 2019ರ ಡಿಸೆಂಬರ್‌ವರೆಗೂ ಇದೇ ಹಡಗಿನ ಹೊಟ್ಟೆಯೊಳಗೆ ಕೋಪನ್‌ಹೇಗನ್ ರೈಲೇ ಬಂದು ನಿಲ್ಲುತ್ತಿತ್ತು. ರೈಲನ್ನು ಹಡಗು ಹತ್ತಿಸುವುದು! ಅಪ್ಪ ಇದ್ದಿದ್ದರೆ ಟಿಕೆಟ್ ತೆಗೆದು ಅದಕ್ಕಾಗಿಯೇ ಬರುತ್ತಿದ್ದರು.

ಈಗ ಮುಖ್ಯ ವಿಷಯ. ನಾನು ಈ ಪ್ರವಾಸವನ್ನು ಮುಂದಿನಿಂದ ಕಟ್ಟಲಿಲ್ಲ, ಬಾಲದಿಂದ ಕಟ್ಟಿದೆ. ಮೇಲೆ ಹೇಳಿದ ಎರಡೂ ಹಡಗು ದಿನವಿಡೀ ಓಡುತ್ತಿರುತ್ತವೆ, ಒಂದು ತಪ್ಪಿದರೆ ಇನ್ನೊಂದು. ನಾರ್ವೆಯೊಳಗಿನ ಸಣ್ಣ ಫೆರ್ರಿಗಳಿಗೆ ಸಾಲಿನಲ್ಲಿ ನಿಂತರಾಯಿತು. ವಾಪಸು ಬರುವಾಗಿನದು ಹಾಗಲ್ಲ. ನಾರ್ವೆಯ ದಕ್ಷಿಣದ ಕ್ರಿಸ್ಟಿಯಾನ್‌ಸಂಡ್‌ನಿಂದ ಡೆನ್ಮಾರ್ಕಿನ ಹಿರ್ಟ್ಸ್‌ಹಾಲ್ಸ್‌ಗೆ ಸುಮಾರು ಮೂರೂಕಾಲು ಗಂಟೆಯ ಸಮುದ್ರ. ದಿನಕ್ಕೆ ಹೊರಡುವುದು ಕೆಲವೇ ಹಡಗು, ಬೇಸಿಗೆಯಲ್ಲಿ ಸೀಟು ತುಂಬಿಹೋಗುತ್ತದೆ. ಅದೇ ನಮ್ಮ ಗೂಟ. ಹಗ್ಗ ಎಷ್ಟುದ್ದವೋ ಅಷ್ಟರಲ್ಲೇ ಹಸು ಮೇಯಬೇಕು. ಆ ದಿನ ಬೆಳಗ್ಗೆ ಕ್ರಿಸ್ಟಿಯಾನ್‌ಸಂಡ್‌ನಲ್ಲಿರಬೇಕಾದರೆ ಹಿಂದಿನ ರಾತ್ರಿ ಅಲ್ಲೇ, ಅದರ ಹಿಂದಿನ ರಾತ್ರಿ ಸ್ಟವಾಂಗರ್‌ನಲ್ಲಿ, ಅದಕ್ಕೂ ಮೊದಲು ಬರ್ಗೆನ್. ಹೀಗೆ ಹಿಂದೆ ಹಿಂದೆ ಎಣಿಸಿಕೊಂಡು ಬಂದಾಗ ಹ್ಯಾಂಬರ್ಗ್ ಬಿಡುವ ದಿನ ತಾನಾಗಿ ಸಿಕ್ಕಿತು. ಅದು ಜೂನ್ ಮೊದಲ ವಾರದ ಕೊನೆಗೆ ಬಂದದ್ದು ನಮ್ಮ ಅದೃಷ್ಟ. ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಸ್ವೀಡನ್ನಿನಲ್ಲಿ ಮಿಡ್‌ಸಮರ್ ಹಬ್ಬ. ಹಿಂದಿನ ದಿನವೇ ಊರಿಗೆ ಊರೇ ರಸ್ತೆಗಿಳಿಯುತ್ತದೆ, ಹಬ್ಬದ ದಿನ ಹಲವು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಅದರೊಳಗೆ ಸಿಕ್ಕಿಕೊಳ್ಳುವುದು ಬೇಡ.

ಭಾವನ ಮ್ಯಾಪು ಮೋಸ ಮಾಡುವುದು ನಾರ್ವೆಯಲ್ಲೇ. ಅಲ್ಲಿ ಸಾಮಾನ್ಯ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಮೀರುವಂತಿಲ್ಲ, ಮೀರಿದರೆ ದಂಡ ಕೇಳಿ ನಿನಗೆ ತಲೆಸುತ್ತು ಬರುತ್ತದೆ. ಓಸ್ಲೋದಿಂದ ಲಾರ್ದಾಲ್‌ಗೆ ಮುನ್ನೂರು ಕಿ.ಮೀ. ಆಸುಪಾಸು, ಊಟ ಬಿಟ್ಟು ಐದು ತಾಸು. ದಿನಕ್ಕೆ ಅದಕ್ಕಿಂತ ಹೆಚ್ಚು ಇಟ್ಟುಕೊಂಡಿಲ್ಲ. ಲಾರ್ದಾಲ್‌ನಲ್ಲಿ 2000ದಲ್ಲಿ ತೆರೆದ 24.5 ಕಿ.ಮೀ. ಉದ್ದದ ಸುರಂಗವಿದೆ. ಕತ್ತಲಲ್ಲಿ ಓಡಿಸಿ ಓಡಿಸಿ ಚಾಲಕನಿಗೆ ಮಂಪರು ಬರಬಾರದೆಂದು ನಡುನಡುವೆ ಮೂರು ಕಡೆ ಗುಹೆಯಷ್ಟು ಅಗಲ ಮಾಡಿ ನೀಲಿ ದೀಪ ಹಾಕಿದ್ದಾರೆ. ಅದೇ ಬೆಟ್ಟದ ಮೇಲೆ ಹಳೆಯ ರಸ್ತೆಯೂ ಇದೆ. ಚಳಿಗಾಲವಿಡೀ ಹಿಮದಲ್ಲಿ ಮುಚ್ಚಿದ್ದು ಬೇಸಿಗೆಗೆ ತೆರೆಯುತ್ತದೆ. ತೆರೆದಿದ್ದರೆ ಮೇಲಿನಿಂದಲೇ ಹೋಗೋಣ ಅಂತ ನನ್ನ ಆಸೆ. ಆಗುಂಬೆ ಘಾಟಿಯಲ್ಲೇ ಕಿಟಕಿಗೆ ತಲೆ ಹಾಕುತ್ತಿದ್ದ ನೀನು ಏನನ್ನುತ್ತೀಯೋ ನೋಡಬೇಕು. ಶುಂಠಿ ಒಣಗಿಸಿಟ್ಟುಕೋ, ವಾಪಸಿನ ಸಮುದ್ರಕ್ಕೂ ಬೇಕಾಗುತ್ತದೆ. ಅದು ಗಾಳಿಯ ದಿನ ಚೆನ್ನಾಗಿ ತೂಗಾಡಿಸುತ್ತದೆ.

ಕಾಗದಪತ್ರದ ಮಾತು. ನಾಲ್ಕೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ ಸಾಕು. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ನೀವು ಹೆಚ್ಚು ದಿನ ಇರುವುದು ನಮ್ಮ ಮನೆಯಲ್ಲಿ, ಆದ್ದರಿಂದ ಅರ್ಜಿ ಜರ್ಮನಿಗೇ ಹಾಕಬೇಕು. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಗಡಿಯಲ್ಲಿ ಕೆಲವೊಮ್ಮೆ ನಿಲ್ಲಿಸಿ ಕೇಳುತ್ತಾರೆ, ಪಾಸ್‌ಪೋರ್ಟು ಡಿಕ್ಕಿಯಲ್ಲಿರುವ ಪೆಟ್ಟಿಗೆಯ ತಳಕ್ಕೆ ಹೋಗಬಾರದು. ದುಡ್ಡು ಮಾತ್ರ ನಾಲ್ಕು ಥರ: ನಮ್ಮ ಯೂರೋ, ಉಳಿದ ಮೂರಕ್ಕೂ ಮೂರು ಬೇರೆ ಕ್ರೋನ. ಆ ಚಿಂತೆ ನಿಮಗೆ ಬೇಡ, ಕಾರ್ಡಿನಲ್ಲೇ ನಡೆಯುತ್ತದೆ. ನಾರ್ವೆಯಲ್ಲಿ ಟೋಲ್ ಗೇಟೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟು ಓದಿಕೊಳ್ಳುತ್ತದೆ, ಬಿಲ್ಲು ಆಮೇಲೆ ಮನೆಗೆ ಬರುತ್ತದೆ. ಬಂದಾಗ ಭಾವನಿಗೆ ಹೇಳುವುದಿಲ್ಲ.

ಇನ್ನು ನಿನ್ನ ಡಬ್ಬಿಗಳು. ತುಪ್ಪ ತರಬೇಡ, ಪೇಡೆಯನ್ನೂ ತರಬೇಡ. ಭಾರತದಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ಹಸಿ ಕರಿಬೇವಿನ ಆಸೆಯನ್ನೂ ಬಿಡು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತಾ, ಆದರೆ ಉಪ್ಪಿನಕಾಯಿ ಪೆಟ್ಟಿಗೆಯಲ್ಲಿ ಸೋರದ ಹಾಗೆ ಕಟ್ಟು. ದಾರಿಯಲ್ಲಿ ಅಡುಗೆ ಮನೆಯಿರುವ ಗುಡಿಸಲುಗಳನ್ನೇ ಗೊತ್ತುಮಾಡಿದ್ದೇನೆ, ಅನ್ನ ಸಾರಿಗೆ ತೊಂದರೆಯಿಲ್ಲ. ಒಂದು ತಮಾಷೆ: ನಾರ್ವೆಗೆ ಬೇರೆ ತರಕಾರಿ ಒಯ್ಯಬಹುದು, ಆಲೂಗಡ್ಡೆ ಒಯ್ಯುವಂತಿಲ್ಲ, ರೋಗ ತಗಲುತ್ತದೆ ಅಂತ. ಪಲ್ಯಕ್ಕೆ ಅಲ್ಲಿಯೇ ಕೊಳ್ಳೋಣ.

ವಾಪಸಿನ ಹಡಗು ಹೊರಟ ಮೇಲೆ ಕಾರಿನ ಹತ್ತಿರ ಇಳಿದುಹೋಗಲು ಬಿಡುವುದಿಲ್ಲ. ಭಾವನ ಬಿಪಿ ಮಾತ್ರೆ, ಸ್ವೆಟರ್, ನೀರು, ನಿನ್ನ ಶುಂಠಿ, ಎಲ್ಲ ಒಂದು ಕೈಚೀಲದಲ್ಲಿರಲಿ. ಕಾರಿನ ಮೇಲೆ ಸಾಮಾನಿನ ಪೆಟ್ಟಿಗೆ ಕೂರಿಸಿದರೆ ಎತ್ತರ ಹೆಚ್ಚಿ ಟಿಕೆಟ್ಟಿನ ದರವೂ ಏರುತ್ತದೆ. ಆದ್ದರಿಂದ ತಲೆಗೊಂದೇ ಸಣ್ಣ ಸೂಟ್‌ಕೇಸು. ನಾಲ್ಕು ರೇಷ್ಮೆ ಸೀರೆ ಯಾರಿಗೆ ತೋರಿಸಲಿಕ್ಕೆ, ಜಿಂಕೆಗಳಿಗೋ?

ಉಳಿದಿರುವುದು ಒಂದೇ ತೀರ್ಮಾನ. ಕ್ರಿಸ್ಟಿಯಾನ್‌ಸಂಡ್‌ನಿಂದ ಬೆಳಗಿನ ಹಡಗು ಹಿಡಿದರೆ ನಾಲ್ಕು ಗಂಟೆಗೇ ಏಳಬೇಕು, ಆದರೆ ಹಿರ್ಟ್ಸ್‌ಹಾಲ್ಸ್‌ನಿಂದ ಐನೂರು ಕಿ.ಮೀ. ಓಡಿಸಿ ಅದೇ ರಾತ್ರಿ ಮನೆ. ಮಧ್ಯಾಹ್ನದ್ದಾದರೆ ನಿಧಾನಕ್ಕೆ ಎದ್ದು ತಿಂಡಿ ತಿಂದು ಹೊರಡಬಹುದು, ಡೆನ್ಮಾರ್ಕಿನಲ್ಲಿ ಇನ್ನೊಂದು ರಾತ್ರಿಯ ಖರ್ಚು. ನನಗೆ ಎರಡನೆಯದೇ ಇಷ್ಟ. ಭಾವನನ್ನು ಕೇಳಿ ಶನಿವಾರದೊಳಗೆ ತಿಳಿಸು, ತಡವಾದಷ್ಟೂ ಟಿಕೆಟ್ ದುಬಾರಿ. ಜೊತೆಗೆ ಇಬ್ಬರ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೊ ಕಳಿಸು. ಹೋದ ಸಲದ ಹಾಗೆ ಅರ್ಧಕ್ಕೆ ಬೆರಳು ಅಡ್ಡ ಬಂದದ್ದಲ್ಲ, ಪೂರ್ತಿ ಕಾಣುವಂಥದ್ದು.

ನಿನ್ನ
ತಮ್ಮ