ಪೂರ್ತಿ ಆಲ್ಬಮ್ ಕೇಳು, ಆಮೇಲೆ ಜಗಳ ಆಡು

(1/4)
ನಮ್ಮ ಭಾನುವಾರದ ಗ್ಯಾಂಗ್ ಬಗ್ಗೆ ಬರಿ ಬರಿ ಅಂತ ಕ್ಲಾಸಲ್ಲಿ ಎಲ್ಲರೂ ತಲೆ ತಿಂತಿದ್ರಿ. ಸರಿ, ಬರೀತೀನಿ. ಉದ್ದ ಇದೆ, ಓದೋಕೆ ತಾಳ್ಮೆ ಇಲ್ದಿದ್ರೆ ಫೋಟೋಗೆ ಲೈಕ್ ಕೊಟ್ಟು ಮುಂದೆ ಹೋಗಿ, ಬೇಜಾರಿಲ್ಲ.

ನಾವು ಐದು ಜನ. ಸೇರೋದು ಮೈಸೂರಲ್ಲಿ, ಕ್ಲಾಸಿನ ಒಬ್ಬಳ ಮನೆ ಮೇಲಿನ ರೂಮಲ್ಲಿ. ವಾರಕ್ಕೊಬ್ಬರು ಒಂದು ಆಲ್ಬಮ್ ತರ್ಬೇಕು. ಮೊದಲನೇ ಹಾಡಿಂದ ಕೊನೇ ಹಾಡಿನ ತನಕ, ಅದೇ ಕ್ರಮದಲ್ಲಿ, ಸ್ಕಿಪ್ ಮಾಡದೆ ಕೇಳ್ಬೇಕು. ಫೋನೆಲ್ಲ ಕಿಟಕಿ ಮೇಲೆ. ಮುಗಿಯೋ ತನಕ ಮಾತಿಲ್ಲ. ಮುಗಿದ ಮೇಲೆ 'ಚೆನ್ನಾಗಿದೆ', 'ಸೂಪರ್' ಅನ್ನೋ ಎರಡು ಪದ ಬಳಸೋ ಹಾಗಿಲ್ಲ. ಯಾವ ಹಾಡು ತೆಗೆದ್ರೂ ಆಲ್ಬಮ್‌ಗೆ ನಷ್ಟ ಇಲ್ಲ, ಯಾಕೆ, ಅದನ್ನ ಹೇಳ್ಬೇಕು. ಜಗಳ ಅಲ್ಲಿಂದ ಶುರು.

ಶಫಲ್ ಹಾಕ್ಕೊಂಡು ಕೇಳೋ ಅಭ್ಯಾಸ ಇರೋರಿಗೆ ಇದು ಹಿಂಸೆ ಅನ್ಸತ್ತೆ. ನಂಗೂ ಮೊದಲ ಎರಡು ವಾರ ಕೈ ಫೋನ್ ಕಡೆ ಹೋಗ್ತಿತ್ತು. 2021ರಲ್ಲಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈನವರು ಆಲ್ಬಮ್ ಪೇಜಲ್ಲಿ ಶಫಲ್ ತಾನಾಗೇ ಬರೋದನ್ನ ತೆಗೆದ್ರು, ನೆನಪಿದ್ಯಾ? ಹಾಡುಗಳನ್ನ ಯೋಚನೆ ಮಾಡಿ ಒಂದರ ಹಿಂದೆ ಒಂದು ಜೋಡಿಸಿರ್ತೀವಿ, ಹಾಗೇ ಕೇಳಿ ಅನ್ನೋದು ಆಕೆ ವಾದ. ನಮ್ಮ ರೂಮಿನ ಕಾನೂನೂ ಅಷ್ಟೇ, ಆದ್ರೆ ನಮ್ಮನ್ನ ಯಾರೂ ಕೇಳ್ಕೊಂಡಿರ್ಲಿಲ್ಲ.

(2/4)
ಮೊದಲ ದೊಡ್ಡ ಜಗಳ: ಸಿನಿಮಾ ಹಾಡುಗಳು ಆಲ್ಬಮ್ಮಾ ಅಲ್ವಾ?

ಮಂಗಳೂರಿನವಳು ಖಡಾಖಂಡಿತ. "ಸಿನಿಮಾಕ್ಕೆ ಬೇಕಂತ ಐದಾರು ಹಾಡು ಮಾಡಿ ಒಟ್ಟಿಗೆ ಇಟ್ರೆ ಅದು ಹೇಗೆ ಆಲ್ಬಮ್ ಆಗ್ತದೆ ಮಾರಾಯ? ಅದು ಬುಟ್ಟಿ." ಅವಳು ಆ ವಾರ ತಂದಿದ್ದು 2008ರ ರಘು ದೀಕ್ಷಿತ್ ಆಲ್ಬಮ್. ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ಕಡೆ, ವಿಶಾಲ್-ಶೇಖರ್ ಅವರ ಲೇಬಲ್ಲಿಂದ ಬಂದದ್ದು. ಭಾಷೆ ಬದಲಾದ್ರೂ ಅದು ಒಬ್ಬನದೇ ಮಾತು ಅನ್ಸತ್ತೆ, ಆ ಪಾಯಿಂಟ್ ನಾನು ಒಪ್ತೀನಿ.

ನಾನು ಎದುರಿಗೆ ಇಟ್ಟಿದ್ದು 1987ರ ಪ್ರೇಮಲೋಕ. ಹಂಸಲೇಖ ಅವರೇ ಬರೆದು ಅವರೇ ಸಂಗೀತ ಮಾಡಿದ್ದು. ಸಿನಿಮಾ ನೋಡದೆ ಬರೀ ಕ್ಯಾಸೆಟ್ ಕೇಳಿದ್ರೂ ಕತೆ ಅರ್ಥ ಆಗತ್ತೆ, ಯಾಕಂದ್ರೆ ಅಲ್ಲಿ ಡೈಲಾಗೇ ಹಾಡಾಗಿದೆ. ಬುಟ್ಟಿ ಅನ್ನೋರು ಅದನ್ನ ಕೂತು ಕೇಳ್ಲಿ. ಮುಂಗಾರು ಮಳೆ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಿಂದೆ ಸರಿದೆ. ಹಾಡುಗಳು ಎಷ್ಟೇ ಇಷ್ಟ ಆದ್ರೂ ಕ್ರಮ ಬದಲಾಯಿಸಿದ್ರೆ ಏನೂ ಆಗಲ್ಲ. (ಇದನ್ನ ಓದಿ ನನ್ನಕ್ಕ ನನ್ನ ಅನ್‌ಫಾಲೋ ಮಾಡ್ತಾಳೆ.)

ಈ ಗಲಾಟೆ ಮಧ್ಯೆ ಮನೆಯವಳ ಅಪ್ಪ ಕಾಫಿ ತಂದ್ರು. ಒಂದು ನಿಮಿಷ ನಿಂತು ಕೇಳಿದ್ರು, ಕೆಳಗೆ ಹೋದ್ರು, ವಾಪಸ್ ಬರುವಾಗ ಕೈಯಲ್ಲಿ ಟೇಪ್ ರೆಕಾರ್ಡರ್ ಮತ್ತೆ ನಿತ್ಯೋತ್ಸವ ಕ್ಯಾಸೆಟ್. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ಸಂಗೀತ, 1978. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದೇ. "ನೋಡ್ರಪ್ಪ, ಅರವತ್ತು ನಿಮಿಷದ ಕ್ಯಾಸೆಟ್ ಅಂದ್ರೆ ಒಂದು ಕಡೆಗೆ ಮೂವತ್ತು ನಿಮಿಷ. ಮಗ್ಗುಲು ಬದಲಾಯಿಸೋಕೆ ಎದ್ದು ಬರ್ಬೇಕು. ಹಾಗೆ ಎದ್ದು ಬರೋ ಅಂಥ ಹಾಡು ಮೊದಲನೇ ಮಗ್ಗುಲ ಕೊನೇಲಿ ಇರ್ಬೇಕು," ಅಂದ್ರು. ರೀಲು ಸಡಿಲ ಆಗಿತ್ತು, ಪೆನ್ಸಿಲ್ ತೂರ್ಸಿ ಸುತ್ತಿ ತೋರಿಸಿದ್ರು. ಸಪ್ತ ಸಾಗರದಾಚೆ ಎಲ್ಲೋ ಸೈಡ್ ಎ, ಸೈಡ್ ಬಿ ಅಂತ ಎರಡು ಸಿನಿಮಾ ಆಗಿ ಬಂದಾಗ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಎಲ್ಲಿಂದ ಬಂತು ಅಂತ ಕೈಯಿಗೆ ಗೊತ್ತಿತ್ತು ಹೇಳಿ?

(3/4)
ಈಗ ಅಸಲಿ ವಿಷಯ.

ನಮ್ಮಲ್ಲಿ ಒಬ್ಬ ಹಾವೇರಿ ಕಡೆಯವನು. ಜಾಸ್ತಿ ಮಾತಾಡಲ್ಲ. ರಘು ದೀಕ್ಷಿತ್ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಹಾಡು ಬಂದ ದಿನ ಮಾತ್ರ ಅವನ ಮುಖ ಬೇರೆ ಇತ್ತು. ನಾವು ಆಗ್ಲೇ ಹೋಲಿಕೆಗೆ ಇಳಿದಿದ್ವಿ. ಶರೀಫರನ್ನ ಮನೆಮನೆಗೆ ತಲುಪಿಸಿದ್ದು ಅಶ್ವತ್ಥ್ ಕ್ಯಾಸೆಟ್ಟುಗಳು, ನಾಗಾಭರಣ ಅವರ 1990ರ ಸಿನಿಮಾಗೂ ಅವರದ್ದೇ ಸಂಗೀತ, ಹಾಗಾಗಿ ಅದೇ ಅಸಲಿ ಅಂತ ನಾನು. ಅಶ್ವತ್ಥ್ ಕೂಡ ತಮ್ಮ ಕಾಲಕ್ಕೆ ತಕ್ಕಂತೆ ಹಾರ್ಮೋನಿಯಂ, ಕೋರಸ್ ಎಲ್ಲ ಹಾಕಿ ಬದಲಾಯಿಸಿದ್ರಲ್ಲ, ಗಿಟಾರ್ ಹಾಕಿದ್ರೆ ಏನ್ ತಪ್ಪು ಅಂತ ಅವಳು.

"ನೀವಿಬ್ರೂ ಹೇಳೂದು ಕ್ಯಾಸೆಟ್ಟಿನ ಶರೀಫಜ್ಜ," ಅಂದ ಅವನು. "ನಮ್ಮ ಕಡೆ ಹಿಂಗ ಹಾಡೂದಿಲ್ಲ."

ಮುಂದಿನ ವಾರ ಅವನ ಸರದಿ. ತಂದಿದ್ದು ಒಂದು ಮೆಮೊರಿ ಕಾರ್ಡ್. ಅವನ ಅಜ್ಜ ಊರಿನ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡೋರು. ಮೂರು ವರ್ಷದ ಹಿಂದೆ ಶ್ರಾವಣದಲ್ಲಿ, ಗುಡಿ ಕಟ್ಟೆ ಮೇಲೆ, ಇವನೇ ಫೋನಲ್ಲಿ ರೆಕಾರ್ಡ್ ಮಾಡಿದ್ದ. ಹನ್ನೊಂದು ಹಾಡು. ಏಕತಾರಿ, ತಬಲಾ, ತಾಳ, ಮಧ್ಯೆ ಮಧ್ಯೆ ಕೆಮ್ಮು, ಯಾರೋ ಚಹಾ ಕೇಳೋದು, ಒಂದು ಕಡೆ ಕೋಳಿ. ಅದಾಗಿ ಆರು ತಿಂಗಳಿಗೆ ಅಜ್ಜನಿಗೆ ಲಕ್ವಾ ಹೊಡೀತು. ಈಗ ಮಾತು ಸ್ಪಷ್ಟ ಇಲ್ಲ, ಹಾಡು ದೂರ ಉಳೀತು. ಇದನ್ನ ಅವನು ಪ್ಲೇ ಒತ್ತೋ ಮೊದಲು ಹೇಳ್ಲಿಲ್ಲ, ಮುಗಿದ ಮೇಲೆ ಹೇಳ್ದ. ಮೊದಲೇ ಹೇಳಿದ್ರೆ ನಾವು ಮರುಕಕ್ಕೆ ಹೊಗಳ್ತೀವಿ ಅಂತ ಅವನಿಗೆ ಗೊತ್ತಿತ್ತು.

ಅಜ್ಜನ ಹಾಡು ಹೇಗಿತ್ತು? ಅಶ್ವತ್ಥ್ ದನಿಯಲ್ಲಿ ಒಂದು ಏರು ಇದೆಯಲ್ಲ, ಸಾವಿರ ಜನಕ್ಕೆ ಕೇಳಿಸೋ ಹಾಗೆ, ಅದು ಇಲ್ಲಿಲ್ಲ. ಇದು ಪಕ್ಕದಲ್ಲಿ ಕೂತವರಿಗೆ ಹೇಳೋ ಹಾಗಿದೆ. ಒಂದು ಸಾಲು ಹಾಡಿ ಬಿಡ್ತಾರೆ, ಹಿಂದಿನವರು ಅದನ್ನ ಎತ್ತಿಕೊಳ್ಳೋ ತನಕ ಕಾಯ್ತಾರೆ. ಆ ಕಾಯೋ ಜಾಗದಲ್ಲೇ ಅರ್ಥ ಇಳಿಯತ್ತೆ.

ಆದ್ರೂ ಮಂಗಳೂರಿನವಳು ಬಿಡ್ಲಿಲ್ಲ. ಬಿಡದೇ ಇದ್ದದ್ದಕ್ಕೆ ಅವಳ ಮೇಲೆ ಗೌರವ ಜಾಸ್ತಿ ಆಯ್ತು. "ಒಳ್ಳೇದುಂಟು. ಆದ್ರೆ ಆಲ್ಬಮ್ ಅಲ್ಲ. ಹನ್ನೊಂದು ಫೈಲು, ಫೋನು ಕೊಟ್ಟ ನಂಬರ್. ಯಾರೂ ಕೂತು ಕ್ರಮ ಮಾಡಿದ್ದಲ್ಲ."

"ಭಜನಿಯೊಳಗ ಕ್ರಮ ಇಲ್ಲ ಅಂತ ನಿನಗ ಯಾರ ಹೇಳಿದ್ರು?" ಅಂದ ಅವನು. ಗಣಪತಿ ಸ್ತುತಿಯಿಂದ ಶುರು, ಮಂಗಳದಿಂದ ಮುಕ್ತಾಯ. ನಡುವೆ ಯಾವ ಹಾಡಿನ ಬೆನ್ನಿಗೆ ಯಾವುದು ಅನ್ನೋದು ಅಜ್ಜನ ತಲೇಲಿ ಇರ್ತಿತ್ತು, ಕೂತವರ ಮುಖ ನೋಡಿ ತೀರ್ಮಾನ. ಅವಳು ನಾಲ್ಕನೇದು ಐದನೇದರ ನಡುವೆ ಏನೋ ಕೊಂಡಿ ತಪ್ಪಿದೆ ಅಂದ್ಲು. ಅವನು ಉತ್ತರ ಕೊಡ್ಲಿಲ್ಲ.

(4/4)
ಅಪ್‌ಲೋಡ್ ಮಾಡೋಣ ಅಂದಿದ್ದು ನಾನು. ಆಪ್ ಹಾಕಿ ಕೆಮ್ಮು, ಕೋಳಿ ತೆಗೆದ್ರೆ ಆಯ್ತು ಅಂದ ಇನ್ನೊಬ್ಬ. ಅದಕ್ಕೆ ಎಲ್ಲರೂ ಸೇರಿ ಅವನಿಗೆ ಬೈದ್ವಿ. ಆದ್ರೆ ಅಪ್‌ಲೋಡ್ ಪ್ರಶ್ನೆ ಅಷ್ಟು ಸುಲಭ ಅಲ್ಲ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ನಮ್ಮ ಕಾನೂನಲ್ಲಿ ಬರೆದವರು ಹೋದ ಮೇಲೆ 60 ವರ್ಷ ಹಕ್ಕು, ಹಾಗಾಗಿ ಪದಗಳು ಎಲ್ಲರವು. ಹಾಡುಗಾರರ ಹಕ್ಕು ಬೇರೆ, ಅದು 50 ವರ್ಷ ಅವರದ್ದೇ. ಅಂದ್ರೆ ಅಜ್ಜ ಒಬ್ಬರದ್ದಲ್ಲ, ತಬಲಾದವರು, ತಾಳದವರು, ಹಿಂದೆ ದನಿಗೂಡಿಸಿದವರು, ಎಲ್ಲರನ್ನೂ ಕೇಳ್ಬೇಕು. ಕಾನೂನು ಬಿಡಿ, ಅದೇ ಕಟ್ಟೆ ಮೇಲೆ ನಾಳೆ ಅವರ ಮುಂದೆ ಹೋಗಿ ನಿಲ್ಲೋನು ಅವನು.

ದೀಪಾವಳಿಗೆ ಊರಿಗೆ ಹೋದ. ಅಜ್ಜನ ಮಂಚದ ಪಕ್ಕ ಸ್ಪೀಕರ್ ಇಟ್ಟು ಮೊದಲಿಂದ ಹಾಕಿದ. ಅಜ್ಜ ಚೆನ್ನಾಗಿರೋ ಕೈಯಲ್ಲಿ ಮಂಚದ ಪಟ್ಟಿ ಮೇಲೆ ತಾಳ ಹಾಕ್ತಾ ಕೇಳಿದ್ರಂತೆ. ನಾಲ್ಕನೇ ಹಾಡು ಶುರು ಆಗ್ತಿದ್ದ ಹಾಗೆ ತಾಳ ನಿಲ್ಲಿಸಿ ಕೈ ಎತ್ತಿದ್ರು. ಬೇಡ ಅಂತ. ಇವನು ಹೆದರಿ ಆಫ್ ಮಾಡಿದ. ಅಜ್ಜ ಮತ್ತೆ ಕೈ ಆಡಿಸಿ ಮುಂದಿನದ್ದು ಹಾಕು ಅಂತ ಸನ್ನೆ. ಐದನೇದು ಹಾಕಿದ. ತಾಳ ಮತ್ತೆ ಶುರು. ಅದು ಮುಗಿದ ಮೇಲೆ ಹಿಂದಿನದ್ದು ಕೇಳಿ ಹಾಕಿಸಿಕೊಂಡ್ರು.

ಹಳೇ ಫೋನಿಂದ ಕಾರ್ಡಿಗೆ ಹಾಕಿಸುವಾಗ ಮೊಬೈಲ್ ಅಂಗಡಿಯಲ್ಲಿ ಎರಡು ಫೈಲ್ ಅದಲುಬದಲಾಗಿದ್ವು. ಮೂರು ವರ್ಷದಿಂದ ಇವನೇ ತಪ್ಪು ಕ್ರಮದಲ್ಲಿ ಕೇಳ್ತಾ ಇದ್ದ.

ಅಲ್ಲಿಂದಲೇ ಮಂಗಳೂರಿನವಳಿಗೆ ಫೋನ್ ಮಾಡಿದ. ಅವಳು ಅತ್ತಳು ಅಂತ ನಾನು ಹೇಳಲ್ಲ, ಹೇಳಿದ್ರೆ ನನ್ನ ಕತೆ ಮುಗೀತು. ಆಮೇಲೆ "ಸರಿ, ಆಲ್ಬಮ್" ಅಂದ್ಲು. ಅಷ್ಟೇ.

ಮಂಡಳಿಯವರಲ್ಲಿ ತಬಲಾದವರು ತಕ್ಷಣ ಒಪ್ಪಿದ್ರು. ತಾಳದ ಕಾಕಾ "ನಮ್ಮ ಹೆಸರು ಬರ್ತೈತೇನು?" ಅಂತ ಎರಡು ಸಲ ಕೇಳಿ ಒಪ್ಪಿದ್ರು. ಹಿಂದೆ ಹಾಡಿದವರಲ್ಲಿ ಇಬ್ಬರು ಗೋವಾದಲ್ಲಿ ಕೆಲಸಕ್ಕಿದ್ದಾರೆ, ಅವರು ಊರಿಗೆ ಬರ್ಬೇಕು, ಫೋನಲ್ಲಿ ಕೇಳೋ ವಿಷಯ ಅಲ್ಲ ಅಂತ ಅವನ ಹಟ. ಅಜ್ಜ ಇನ್ನೂ ಏನೂ ಹೇಳಿಲ್ಲ. ದಿನಾ ಸಂಜೆ ಹಾಕಿಸಿಕೊಂಡು ಕೇಳ್ತಾರಂತೆ.

ಹಾಗಾಗಿ ಮೆಸೇಜಲ್ಲಿ ಆಡಿಯೋ ಕಳಿಸು ಅಂತ ಯಾರೂ ಕೇಳ್ಬೇಡಿ, ಕಳಿಸಲ್ಲ. ಕೊನೇ ಸ್ಲೈಡಲ್ಲಿ ಇರೋದು ಅವನ ಕೈಬರಹದ ಹಾಡುಪಟ್ಟಿ, ಸರಿ ಮಾಡಿದ ಕ್ರಮದಲ್ಲಿ. ಐದರ ಜಾಗದಲ್ಲಿ ನಾಲ್ಕು ಹೊಡೆದು ಹಾಕಿರೋ ಗುರುತು ಹಾಗೇ ಬಿಟ್ಟಿದ್ದಾನೆ.

ಈ ಭಾನುವಾರ ಸರದಿ ನನ್ನದು. ಪ್ರೇಮಲೋಕ, ಕ್ಯಾಸೆಟ್ಟಲ್ಲೇ. ಮನೆಯವಳ ಅಪ್ಪ ಹುಡುಕಿ ಕೊಟ್ಟಿದ್ದಾರೆ. ಪೆನ್ಸಿಲ್ ನಾನೇ ತರ್ತೀನಿ.