ಎರೆಯ ಬೆನ್ನು ಹತ್ತಿ

ಗಾಳ ಹಾಕಿ ಬಂದವನನ್ನು ‘ಏನು ಸಿಕ್ತು?’ ಎಂದು ಊರೆಲ್ಲ ಕೇಳುತ್ತದೆ. ‘ಎರೆ ಎಲ್ಲಿ ಸಿಕ್ತು?’ ಎಂದು ಕೇಳುವವರು ಯಾರಿದ್ದಾರೆ ಹೇಳಿ? ನನಗಂತೂ ಆ ಎರಡನೇ ಪ್ರಶ್ನೆಯ ಮೇಲೇ ಪ್ರೀತಿ. ಕುರುಡೆ ಮೀನು ಗಾಳಕ್ಕೆ ಬೀಳುವುದು ಸ್ವಲ್ಪ ಹೊತ್ತಿನ ಗದ್ದಲ. ಅದಕ್ಕೆ ಬೇಕಾದ ಜೀವಂತ ಸಿಗಡಿ ಹುಡುಕುವುದಿದೆಯಲ್ಲ, ಅದಕ್ಕೆ ಹೊಳೆಯ ಮರ್ಮವೆಲ್ಲ ಗೊತ್ತಿರಬೇಕು.

ಹೊಳೆ ಎಂದರೆ ಅಘನಾಶಿನಿ ಎಂದೇ ಇಟ್ಟುಕೊಳ್ಳಿ. ಕುಮಟೆಯ ಬಳಿ ಸಮುದ್ರ ಸೇರುವ ಮುನ್ನ ಅದು ಆರಾಮಾಗಿ ಹರಡಿಕೊಳ್ಳುತ್ತದೆ. ಒಂದೆಡೆ ಕಾಂಡ್ಲಾ ಗಿಡ, ಇನ್ನೊಂದೆಡೆ ಬಳಚು ಹೆಕ್ಕುವವರು, ಅದರಾಚೆ ಗಜನಿ. ಮಳೆಗಾಲದಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿಗೆ, ಕೊಯ್ಲು ಮುಗಿದ ಮೇಲೆ ಉಬ್ಬರದ ಜೊತೆ ಸಿಗಡಿ ಬರುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು, ಸೇರಬೇಕಾದದ್ದೇ. ಇನ್ನು ಕಗ್ಗದ ಗಂಜಿಯ ರುಚಿ... ಬೇಡ, ಗಂಜಿಗೆ ಹೊರಳಿದರೆ ಸಿಗಡಿ ತಪ್ಪಿಸಿಕೊಳ್ಳುತ್ತದೆ.

ಅದು ಸಿಗುವುದು ನೀರಿಳಿಯುವಾಗ, ಸಣ್ಣ ಕಾಲುವೆಗಳ ಬಾಯಲ್ಲಿ. ಆದರೆ ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಸೆಳೆತ ಜೋರು. ಅಷ್ಟಮಿಯ ಆಸುಪಾಸು ಮಂದ. ಪಂಚಾಂಗ ಬರೀ ಮದುವೆ ಮುಂಜಿಗೆ ಎಂದವರಾರು? ರಾತ್ರಿಯಾದರೆ ಟಾರ್ಚ್ ಬಿಟ್ಟು ನೋಡಿ, ನೀರೊಳಗೆ ಸಿಗಡಿಯ ಕಣ್ಣುಗಳು ಕಿಡಿಗಳಂತೆ ಹೊಳೆಯುತ್ತವೆ.

ಬೀಸುಬಲೆಯವನನ್ನು ಹತ್ತಿರ ನಿಂತು ನೋಡಿದ್ದೀರಾ? ಹಗ್ಗ ಮಣಿಕಟ್ಟಿಗೆ, ಬಲೆಯ ಒಂದು ಮಡಿಕೆ ಮೊಣಕೈ ಮೇಲೆ, ಸೀಸದ ಗುಂಡಿನ ಅಂಚು ಹಲ್ಲಿನಲ್ಲಿ. ಸೊಂಟ ತಿರುಗಿಸಿ ಬೀಸಿದನೋ, ಹಲ್ಲು ಸಡಿಲಿಸಿದನೋ, ಬಲೆ ಗಾಳಿಯಲ್ಲೇ ಅರಳಿ ದುಂಡಗೆ ನೀರಿಗೆ ಬೀಳುತ್ತದೆ. ಹಲ್ಲು ಬಿಡುವುದು ಕೊಂಚ ತಡವಾದರೂ ಬಲೆ ಮುದ್ದೆ.

ಹಿಡಿದದ್ದನ್ನು ಉಳಿಸಿಕೊಳ್ಳುವುದು ಬೇರೆಯೇ ಪುರಾಣ. ಅದೇ ಹೊಳೆಯ ನೀರು ಬೇಕು. ನೀರು ಬಿಸಿಯಾದಷ್ಟೂ ಅದರೊಳಗಿನ ಆಮ್ಲಜನಕ ಕಡಿಮೆ. ಅದಕ್ಕೇ ಬಕೆಟ್ಟಿಗೆ ನೆರಳು, ಒದ್ದೆ ಗೋಣಿ, ಈಚೆಗೆ ಗುಳ್ಳೆ ಬಿಡುವ ಬ್ಯಾಟರಿ ಪಂಪು. ಗಾಳಕ್ಕೆ ಚುಚ್ಚುವಾಗ ತಲೆಯೊಳಗೆ ಕಾಣುವ ಕಪ್ಪು ಮಚ್ಚೆಗೆ ತಾಗದ ಹಾಗೆ ನೋಡಿಕೊಳ್ಳಬೇಕು, ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ‘ಸತ್ತ ಶೆಟ್ಲಿ ಸಾರಿಗಾತು ತಮಾ, ಗಾಳಕ್ಕಲ್ಲ’ ಎಂದು ದಂಡೆಯ ಮೇಲಿನ ಅಜ್ಜ ಒಬ್ಬರು ಹುಡುಗನಿಗೆ ಹೇಳುತ್ತಿದ್ದುದು ನನ್ನ ಕಿವಿಯಲ್ಲೇ ಉಳಿದಿದೆ.

ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ಸರಕು ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವಲ್ಲ, ಅಲ್ಲಿಯ ಮಿನಿಕಾಯ್‌ನವರು ಎರೆಯನ್ನು ಹೀಗೆ ಜೀವಂತ ಉಳಿಸಿಕೊಳ್ಳಲು ದೋಣಿಯ ಹೊಟ್ಟೆಯಲ್ಲೇ ತೊಟ್ಟಿ ಕಟ್ಟಿಕೊಂಡಿದ್ದಾರೆ. ಹವಳದ ಬಂಡೆಯೊಳಗಿನ ತಿಳಿನೀರಿನಲ್ಲಿ ಬೆರಳುದ್ದದ ಮೀನು ಹಿಡಿದು ಮೊದಲು ಅದಕ್ಕೆ ತುಂಬಿಕೊಳ್ಳುತ್ತಾರೆ. ಹೊರಸಮುದ್ರದಲ್ಲಿ ಟ್ಯೂನಾ ಹಿಂಡು ಕಂಡರೆ ಅವನ್ನು ಹಿಡಿಹಿಡಿಯಾಗಿ ಎರಚುತ್ತಾರೆ, ಮೇಲಿನಿಂದ ನೀರು ಚಿಮುಕಿಸುತ್ತಾರೆ. ಹಿಂಡು ಹುಚ್ಚೆದ್ದು ಮುಗಿಬೀಳುವಾಗ ಕೋಲಿನ ತುದಿಯ, ಹಿಮ್ಮುಳ್ಳಿಲ್ಲದ ಗಾಳದಲ್ಲಿ ಒಂದೊಂದನ್ನೇ ಎತ್ತಿ ದೋಣಿಗೆ ಒಗೆಯುತ್ತಾರೆ. ಆ ಗಾಳಕ್ಕೆ ಎರೆ ಚುಚ್ಚುವುದೇ ಇಲ್ಲ! ಆದರೂ ಎರೆಮೀನು ಸಿಗದ ದಿನ ಬೇಟೆಯಿಲ್ಲ. ಆ ದೋಣಿಯಲ್ಲಿ ಜಾಗ ಸಿಕ್ಕರೆ ನಾನು ಕೋಲು ಕೇಳುವವನಲ್ಲ, ಎರಚುವವನ ಪಕ್ಕ ಕೂತುಬಿಡುತ್ತೇನೆ. ಜಾಸ್ತಿ ಎರಚಿದರೆ ತೊಟ್ಟಿ ಬರಿದು, ಕಡಿಮೆಯಾದರೆ ಹಿಂಡು ಚದುರಿ ಹೋದೀತು. ಆ ಅಳತೆ ಅವನ ಕೈಗೆ ಹೇಗೆ ಬಂತು ಎಂದು ಕೇಳಬೇಕು.