ಎಂಟು ಡಾಲರಿನ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇಂದು ಒಂದು ಭಾಗಾಕಾರ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳ ರೋಹಿಂಗ್ಯಾ ನಿರಾಶ್ರಿತರಿಗೆ ವಿಶ್ವ ಆಹಾರ ಕಾರ್ಯಕ್ರಮವು ತಲೆಗೆ ತಿಂಗಳಿಗೆ 12 ಡಾಲರಿನ ಪಡಿತರ ನೀಡುತ್ತಿತ್ತು. 2023ರ ಮಾರ್ಚಿನಲ್ಲಿ ಅದು 10ಕ್ಕೆ, ಜೂನಿನಲ್ಲಿ 8ಕ್ಕೆ ಇಳಿಯಿತು. ದಿನಕ್ಕೆ ಮೂರು ಹೊತ್ತೆಂದರೆ, ಹೊತ್ತಿಗೆ 9 ಸೆಂಟೂ ಇಲ್ಲ!

ಆ ಸಂಸ್ಥೆಗೆ ಸ್ವಂತ ಬೊಕ್ಕಸವಿಲ್ಲ. ಸರ್ಕಾರಗಳು ಸ್ವಇಚ್ಛೆಯಿಂದ ಕೊಡುವ ಹಣವೇ ಅದರ ಮುಖ್ಯ ಆಧಾರ. ಇದನ್ನು ದಾನವೆಂದು ಕರೆಯಲು ನನಗೆ ಮನಸ್ಸೊಪ್ಪದು. ಶಿಬಿರದವರಿಗೆ ಹೊರಗೆ ದುಡಿಯುವ ಅನುಮತಿಯೂ ಇಲ್ಲವಲ್ಲ! ಪಡಿ ಕಡಿಮೆಯಾದರೆ ಮೊದಲು ಬರಿದಾಗುವುದು ಯಾರ ತಟ್ಟೆ? (ತಾಯಂದಿರನ್ನು ಕೇಳಿ.)

2024ರಲ್ಲಿ ಪಡಿತರ 12.50 ಡಾಲರಿಗೆ ಏರಿತು. 2025ರ ಮಾರ್ಚಿನಲ್ಲಿ 6ಕ್ಕೆ ಇಳಿಸುವ ಸೂಚನೆ ಬಂದಿತು. ತಿಂಗಳ ಕೊನೆಗೆ ಅಮೆರಿಕವು 7.3 ಕೋಟಿ ಡಾಲರ್ ಘೋಷಿಸಿತು. ಪಡಿತರ 12ರಲ್ಲಿ ನಿಂತಿತು.